ಬಳ್ಳಾರಿ ಡೆನಿಮ್ಮು, ನ್ಯೂಜೆರ್ಸಿಯ ಅಗ್ಗದ ಗುಂಡು

ಏರ್‌ಪೋರ್ಟ್

ಅಮೆರಿಕದಲ್ಲಿರುವ ಬಂಧುಗಳು ಊರಿನಿಂದ ಬರುವವರ ಕೈಯಲ್ಲಿ ಏನೇನು ತರಿಸಿಕೊಳ್ಳುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ನನ್ನ ತಂಗಿ ವನಜಾ ಶೇಂಗಾ ಚಟ್ನಿಪುಡಿ, ಕೆಂಪು ಮೆಣಸಿನಕಾಯಿ, ಎರಡು ನೈಟಿ ಎಂದಳು. ಅವಳ ಗಂಡ ಸುಧೀಂದ್ರ ಫೋನು ಇಸಿದುಕೊಂಡು, "ಅಕ್ಕ, ನನಗೆ ತಿಂಡಿ ಗಿಂಡಿ ಬೇಡ. ಒಂದಷ್ಟು ಡೆನಿಮ್ ಬಟ್ಟೆ ತನ್ನಿ. ಒಳ್ಳೇ ಹೆವಿ ಡೆನಿಮ್" ಎಂದ.

ಸುಧೀಂದ್ರ ನಮ್ಮ ಮನೆಯ ಅಳಿಯ. ಎದುರಿಗೆ ಬಹುವಚನದಲ್ಲೇ ಮಾತನಾಡಿಸುತ್ತೇನೆ. ಬರವಣಿಗೆಯಲ್ಲಿ ಏಕವಚನ ಸಾಕೆನಿಸಿದೆ. ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ಬಳ್ಳಾರಿಯಲ್ಲಿ ನಾನೂ ನನ್ನ ಯಜಮಾನರೂ ಜೀನ್ಸ್ ಹೊಲಿಯುವ ಘಟಕ ನಡೆಸುತ್ತೇವೆ. ನನ್ನ ಮಗಳ ಮದುವೆಗೆ ಬರಲಾಗದಿದ್ದ ತಂಗಿ ಟಿಕೆಟ್ ಕಳಿಸಿ ಕರೆಸಿಕೊಂಡದ್ದರಿಂದ ಇದು ನನ್ನ ಮೊದಲ ವಿದೇಶ ಪ್ರಯಾಣ. ಡೆನಿಮ್ ಕೇಳಿದ್ದು ನನಗೆ ಹೆಮ್ಮೆಯ ವಿಷಯವೇ. ಮೈಸೂರಿನವನಾದ ಅಳಿಯ ಇಷ್ಟು ವರ್ಷಗಳಲ್ಲಿ ನಮ್ಮ ಕಸುಬಿನ ಬಗ್ಗೆ ಒಂದು ಮಾತು ಕೇಳಿದವನಲ್ಲ. ಕೆಲಸಗಾರರಿಗೆ ಹೊಲಿಯುವ ದಪ್ಪ ಬಟ್ಟೆಯ ಥಾನಿನಿಂದಲೇ ಉದಾರವಾಗಿ ಕತ್ತರಿಸಿ, ಮಡಚಿ, ಸೂಟ್‌ಕೇಸಿನ ಅಡಿಗೆ ಹಾಸಿದೆ.

ನ್ಯೂಯಾರ್ಕಿನ ಏರ್‌ಪೋರ್ಟಿನಲ್ಲಿ ಅಧಿಕಾರಿಣಿಯೊಬ್ಬಳು ಸೂಟ್‌ಕೇಸು ತೆರೆಸಿದಳು. ಚಟ್ನಿಪುಡಿಯನ್ನು ಮೂಸಿ, ಸೀನಿ, ಪಕ್ಕಕ್ಕಿಟ್ಟಳು. ಆಮೇಲೆ ಡೆನಿಮ್ ಕೈಗೆ ಬಂತು.

"ಇದು ಮಾರಲಿಕ್ಕಾ?" ಎಂದಳು.

"ಅಲ್ಲ, ನನ್ನ ತಂಗಿಯ ಗಂಡ ಕೇಳಿದ್ದಾನೆ."

"ಅವನು ದರ್ಜಿಯಾ?"

"ಸಾಫ್ಟ್‌ವೇರ್ ಇಂಜಿನಿಯರ್."

ಎಲ್ಲಕ್ಕೂ ಉತ್ತರ ಸಿಕ್ಕಿತೆನ್ನುವ ಮುಖ ಮಾಡಿ ಅವಳು ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ, "ಗಟ್ಟಿ ಮಾಲು" ಎಂದಳು. ಅಮೆರಿಕ ಸರ್ಕಾರವೇ ಒಪ್ಪಿತೆಂದು ಬೀಗುತ್ತಾ ಹೊರಬಂದೆ.

ಮೆಟುಚೆನ್

ವನಜಾಳ ಊರು ನ್ಯೂಜೆರ್ಸಿಯ ಮೆಟುಚೆನ್. ರೈಲು ನಿಲ್ದಾಣ, ಅದರ ಸುತ್ತ ನಾಲ್ಕು ಅಂಗಡಿ ಬೀದಿ, ಮಿಕ್ಕಂತೆ ಮರ ಮತ್ತು ಮನೆ. ಮನೆಗಳ ಮುಂದೆ ಹುಲ್ಲು ಇದೆ, ಹುಲ್ಲಿನ ಮೇಲೆ ಅಳಿಲು ಇದೆ, ಜನ ಮಾತ್ರ ಇಲ್ಲ. ಬಳ್ಳಾರಿಯಲ್ಲಿ ಒಂದು ಬೀದಿ ಇಷ್ಟು ಸುಮ್ಮನಿದ್ದರೆ ಕರ್ಫ್ಯೂ ಹಾಕಿದ್ದಾರೆಂದು ಅರ್ಥ. ಇಲ್ಲಿ ಅದನ್ನು ಒಳ್ಳೆಯ ನೆರೆಹೊರೆ ಎನ್ನುತ್ತಾರೆ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಒಲೆಯ ಮೇಲೆ ದೊಡ್ಡ ಸ್ಟೀಲ್ ಪಾತ್ರೆ. ಹಬ್ಬಕ್ಕೆ ವನಜಾ ಪಾಯಸ ಮಾಡುವ ಪಾತ್ರೆ ಅದು; ಅವಳ ಮದುವೆಗೆ ನಾನೇ ಕೊಟ್ಟದ್ದು. ಒಳಗೆ ಗಾಜಿನಂತೆ ತಿಳಿಯಾದದ್ದೇನೋ ಕರಗಿ ನಿಂತಿತ್ತು. ಪಕ್ಕದ ತಟ್ಟೆಯಲ್ಲಿ ಅದರದೇ ಒಂದು ಹೆಪ್ಪುಗಟ್ಟಿದ ತುಂಡು, ನಡುಗುತ್ತಿತ್ತು. ಅಕ್ಕ ಬಂದಳೆಂದು ತಂಗಿ ಸಿಹಿ ಮಾಡಿದ್ದಾಳೆ, ಚೀನಾ ಗ್ರಾಸ್ ಹಲ್ವಾ ಇರಬೇಕು ಎಂದುಕೊಂಡು ಒಂದು ಚೂರು ಬಾಯಿಗಿಟ್ಟೆ. ಮೇಣದಬತ್ತಿ ಕಚ್ಚಿದಂತಾಯಿತು.

ಸುಧೀಂದ್ರ ಮೆಟ್ಟಿಲಿಳಿದು ಬಂದವನು ಅದನ್ನು ಕಂಡು ನಿಂತುಬಿಟ್ಟ. "ಅಕ್ಕ, ಅದು ತಿನ್ನೋದಲ್ಲ. ಬ್ಯಾಲಿಸ್ಟಿಕ್ ಜೆಲ್. ಅಂದ್ರೆ, ಗುಂಡು ಹೊಡೆದು ಟೆಸ್ಟ್ ಮಾಡಕ್ಕೆ. ಮನುಷ್ಯನ ಮಾಂಸದ ಬದಲಿಗೆ ಇಡೋದು."

ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ನಾನು ಅಮೆರಿಕದಲ್ಲಿ ಮಾಡಿದ ಮೊದಲ ಉಪಾಹಾರ ಇದು.

ಬಾಯಿ ಮುಕ್ಕಳಿಸಿ ಬಂದ ಮೇಲೆ ಅವನು ವಿವರಿಸಿದ. ಅವನ ಹತ್ತಿರ ಒಂದು ಪಿಸ್ತೂಲಿದೆ. ಸಿಟಿಜನ್ ಆದ ಮೇಲೆ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು ತೆಗೆದುಕೊಂಡದ್ದು. ಇವನ ಸ್ವಭಾವ ಒಳ್ಳೆಯದೆಂದು ಹೇಳಲು ಇಬ್ಬರು ಬೇಕಿತ್ತಂತೆ. ಗಣೇಶನ ಹಬ್ಬದ ಪ್ರಸಾದ ಸಮಿತಿಯ ಇಬ್ಬರು ಹೇಳಿದರಂತೆ. ಕೋಸಂಬರಿಗೆ ಉಪ್ಪು ಹೆಚ್ಚಾದಾಗಲೂ ಸಿಟ್ಟಾಗದವನು ಎಂದಿರಬೇಕು.

"ಪಿಸ್ತೂಲು ಯಾಕ್ರೀ?" ಎಂದೆ.

"ಪಕ್ಕದ ಸ್ಟ್ರೀಟಲ್ಲಿ ಒಂದು ಇಂಡಿಯನ್ ಫ್ಯಾಮಿಲಿ ಮನೇಲಿ ಕಳ್ಳತನ ಆಯ್ತು. ಎಲ್ಲಾ ಗೋಲ್ಡ್ ಹೋಯ್ತು."

"ಅವರಿಗೆ ಏನಾದ್ರೂ ಪೆಟ್ಟಾತೇನು?"

"ಇಲ್ಲ ಇಲ್ಲ, ಅವ್ರು ವೆಕೇಶನ್ ಹೋಗಿದ್ರು."

"ಮನ್ಯಾಗ ಯಾರೂ ಇಲ್ದಾಗ ಬಂದ ಕಳ್ಳನ್ನ, ಮನ್ಯಾಗ ಇಲ್ದ ನೀವು ಹೆಂಗ ಹೊಡೀತೀರಿ?"

ಅವನು ಒಂದು ಕ್ಷಣ ಯೋಚಿಸಿ, "ಅದು ಪೀಸ್ ಆಫ್ ಮೈಂಡ್ ಅಕ್ಕ" ಎಂದ.

ನಮ್ಮ ಬಳ್ಳಾರಿಗೆ ಬಂದೂಕು ಹೊಸದಲ್ಲ. ಗಣಿ ಧೂಳು ಹಾರುತ್ತಿದ್ದ ಕಾಲದಲ್ಲಿ ಧಣಿಗಳ ಹಿಂದೆ ಬಂದೂಕಿನವರು ಸಾಲಾಗಿ ನಿಲ್ಲುತ್ತಿದ್ದರು. ಆದರೆ ಅವರು ಸಂಬಳದವರು. ಅಮೆರಿಕದಲ್ಲಿ ಆಳುಕಾಳು ದುಬಾರಿ. ಪಾತ್ರೆ, ಬಟ್ಟೆ, ಕಕ್ಕಸು ತೊಳೆಯುವುದನ್ನು ಕಲಿತ ಹಾಗೆಯೇ ಇಂಜಿನಿಯರುಗಳು ಇದನ್ನೂ ಸ್ವಂತ ಕೈಯಿಂದ ಮಾಡಿಕೊಳ್ಳುವುದನ್ನು ಕಲಿತಿದ್ದಾರೆ.

ಇನ್ನು ಗುಂಡಿನ ವಿಷಯ. ಹಾಲೋ ಪಾಯಿಂಟ್ ಎಂಬ ಗುಂಡಿನ ಮೂತಿಯಲ್ಲಿ ಒಂದು ಗುಳಿ ಇರುತ್ತದೆ. ಮೈಗೆ ತಾಗಿದ ಕೂಡಲೇ ಅದು ಹೂವಿನಂತೆ ಅರಳಿ ಒಳಗೇ ನಿಂತುಬಿಡುತ್ತದೆ. ಮಾಮೂಲಿ ಗುಂಡು ಮನುಷ್ಯನನ್ನೂ, ಆಮೇಲೆ ಗೋಡೆಯನ್ನೂ ದಾಟಿ ಹೋಗುತ್ತದೆ. ಇಲ್ಲಿನ ಗೋಡೆಗಳಾದರೋ ರಟ್ಟಿನಂಥವು, ಗುಂಡು ಪಕ್ಕದ ಮನೆಗೆ ಹೋಗಬಹುದು.

"ಸೋ, ಹಾಲೋ ಪಾಯಿಂಟ್ ಈಸ್ ದಿ ರೆಸ್ಪಾನ್ಸಿಬಲ್ ಚಾಯ್ಸ್. ನೇಬರ್ಸ್ ಬಗ್ಗೆ ನಾವು ಯೋಚನೆ ಮಾಡ್ಬೇಕಲ್ವಾ" ಎಂದ ಸುಧೀಂದ್ರ.

"ಪಕ್ಕದ ಮನಿಯವ್ರ ಹೆಸರೇನು?"

"ಅವ್ರು... ಒಂದು ಬ್ರೌನ್ ಡಾಗ್ ಇದೆ ಅವ್ರಿಗೆ" ಎಂದ.

ಈ ಗುಂಡುಗಳಲ್ಲಿ ದುಬಾರಿಯವು ಎಲ್ಲರಿಗೂ ಗೊತ್ತು, ಅವು ಅರಳುತ್ತವೆ. ಅಗ್ಗದವು ಅರಳುತ್ತವೆಯೇ ಎಂಬುದು ಪ್ರಶ್ನೆ. ಬಟ್ಟೆಯ ಮೂಲಕ ಹೋಗುವಾಗ ಗುಳಿಯಲ್ಲಿ ನೂಲು ತುಂಬಿ ಅಗ್ಗದ ಗುಂಡು ಮುಚ್ಚಿಕೊಂಡೇ ಉಳಿಯಬಹುದು. ಅದಕ್ಕೇ ಜೆಲ್ಲಿಯ ಮುಂದೆ ನಾಲ್ಕು ಪದರ ಡೆನಿಮ್ ಕಟ್ಟಿ ಹೊಡೆದು ನೋಡುವುದು ಈ ಪರೀಕ್ಷೆಯ ವಾಡಿಕೆ. ಪರಿಚಯದ ಕುಟುಂಬಗಳ ಗಂಡಸರೆಲ್ಲ ಸೇರಿ ಒಂದು ವಾಟ್ಸ್ಯಾಪ್ ಗುಂಪು ಮಾಡಿಕೊಂಡಿದ್ದರು. ಅದರಲ್ಲಿ ಯಾವ ಅಂಗಡಿಯಲ್ಲಿ ಬಾಸುಮತಿ ಅಗ್ಗ ಎಂದು ಹಾಕುತ್ತಿದ್ದ ಸುಧೀಂದ್ರ ಈಗ ಗುಂಡಿನ ವಿಮರ್ಶೆಗೆ ಇಳಿದಿದ್ದ. ಮುಂದಿನ ತಿಂಗಳು ನ್ಯೂಯಾರ್ಕಿನ ಕಡೆಯ ಜೆರಿಕೋ ಎಂಬ ಊರಲ್ಲಿ ಎಲ್ಲರೂ ಸೇರಿದಾಗ ಫಲಿತಾಂಶ ಮಂಡಿಸಬೇಕಿತ್ತು.

ಅಂದರೆ ನನ್ನ ಡೆನಿಮ್ಮು ಸತ್ತವನ ಅಂಗಿಯಾಗಲು ಬಂದಿತ್ತು.

ವನಜಾಗೆ ಇದೆಲ್ಲ ಗೊತ್ತಿತ್ತು. ಅವಳ ಸಿಟ್ಟು ಪಾತ್ರೆಯ ಮೇಲಿತ್ತು. "ಪಿಸ್ತೂಲು ಸೇಫ್‌ನಲ್ಲಿರ್ತದ, ನಾ ನೋಡೋದೂ ಇಲ್ಲ. ಆದ್ರ ಪಾಯಸದ ಪಾತ್ರ್ಯಾಗ ಅದನ್ನ ಕಾಯಿಸ್ತಾನಲ್ಲ, ಅದಕ್ಕೇನ್ ಹೇಳ್ತಿ" ಎಂದಳು. ಆ ಪಾತ್ರೆಯನ್ನು ಅಡುಗೆಮನೆಯಿಂದ ಬೇಸ್‌ಮೆಂಟಿಗೆ ಗಡಿಪಾರು ಮಾಡಿದಳು.

ಮಾರಿಸ್‌ಟೌನ್

ಪರೀಕ್ಷೆಯ ದಿನ ನಾನೂ ಹೋದೆ. ಬಟ್ಟೆ ಎಲ್ಲಿಗೆ ಹೋಗುತ್ತದೆಂದು ನೋಡಬೇಕಿತ್ತು. ದಾರಿಯಲ್ಲಿ ಮಾರಿಸ್‌ಟೌನಿನಲ್ಲಿ ಸುಧೀಂದ್ರನ ಗೆಳೆಯ ಇಮ್ತಿಯಾಜ್ ಅವರನ್ನು ಹತ್ತಿಸಿಕೊಳ್ಳಬೇಕಿತ್ತು. ಬೆಂಗಳೂರಿನವರು. ಔಷಧಿ ಕಂಪನಿಯೊಂದರಲ್ಲಿ, ಮಾತ್ರೆ ಹೊಟ್ಟೆಗೆ ಹೋದ ಮೇಲೆ ಎಲ್ಲಿ, ಎಷ್ಟು ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ ಎಂದು ಅಳೆಯುವ ಕೆಲಸ. ಗುಂಡಿನ ಪರೀಕ್ಷೆಗೆ ಇದಕ್ಕಿಂತ ಯೋಗ್ಯರು ಸಿಗಲಾರರು.

ಅವರ ಮನೆಯವರು ಬಲವಂತ ಮಾಡಿ ದೋಸೆ ಹಾಕಿಕೊಟ್ಟರು. ಗಂಡಸರು ಗ್ಯಾರೇಜಿನಲ್ಲಿ, ಕಾಯಿಸಿ ಅಚ್ಚಿಗೆ ಹೊಯ್ದು ತಂದಿದ್ದ ಜೆಲ್ಲಿಯ ದಿಮ್ಮಿಯನ್ನು ಐಸ್ ಪೆಟ್ಟಿಗೆಗೆ ಇಳಿಸುವಾಗ ಆಕೆ ನನಗೆ ಅದರ ಪೂರ್ವಕಥೆ ಹೇಳಿದರು. ಅಸಲಿ ಜೆಲ್ಲಿಯನ್ನು ಹಂದಿಯದೋ ದನದ್ದೋ ಮೂಳೆ ಚರ್ಮದಿಂದ ಮಾಡುತ್ತಾರಂತೆ. ಹಂದಿ ಇಮ್ತಿಯಾಜ್ ಅವರಿಗೆ ಆಗದು. ದನ ಸುಧೀಂದ್ರನಿಗೆ ಆಗದು. ವಾರಗಟ್ಟಲೆ ಚರ್ಚೆಯಾಗಿ, ಕೊನೆಗೆ ಎಣ್ಣೆಯಿಂದ ಮಾಡಿದ ಈ ಕೃತಕ ಜೆಲ್ಲಿಗೆ ಇಬ್ಬರೂ ಒಪ್ಪಿದರಂತೆ.

"ಮಡಿಯಿಂದ ಗುಂಡು ಹೊಡೀತಾರೆ ಇಬ್ರೂ" ಎಂದು ಆಕೆ ಇನ್ನೊಂದು ದೋಸೆ ಹಾಕಿದರು.

ಊರಲ್ಲಿ ಎಷ್ಟೋ ಶಾಂತಿ ಸಭೆಗಳು ಸಾಧಿಸದ ಐಕ್ಯ ಇದು. ಯಾವ ಪ್ರಾಣಿಗೂ ಹಿಂಸೆಯಾಗದಂತೆ ಮನುಷ್ಯನನ್ನು ಹೊಡೆಯುವುದು ಹೇಗೆಂದು ಇಬ್ಬರು ಒಳ್ಳೆಯವರು ಕೂತು ಬಗೆಹರಿಸಿದ್ದರು.

ಕಾರಿನಲ್ಲಿ ಇಮ್ತಿಯಾಜ್ ಇಲ್ಲಿನ ಕಾನೂನು ತಿಳಿಸಿಕೊಟ್ಟರು. ನ್ಯೂಜೆರ್ಸಿಯಲ್ಲಿ ಈ ಗುಂಡನ್ನು ಮನೆಯಲ್ಲಿಟ್ಟುಕೊಳ್ಳಬಹುದು, ಹೊಡೆಯುವ ಜಾಗಕ್ಕೆ ಒಯ್ಯಬಹುದು. ದಾರಿಯಲ್ಲಿ ಸುಮ್ಮನೆ ಊರು ಸುತ್ತುವ ಹಾಗಿಲ್ಲ.

"ಅದಕ್ಕೇ ಅಕ್ಕಾ, ದಾರೀಲಿ ಇಡ್ಲಿ ಅಂಗಡಿ ಸಿಕ್ಕಿದ್ರೂ ನಿಲ್ಲಿಸೋದು ಬೇಡ ಅಂತ ಇವನು ಹೇಳ್ತಾನೆ" ಎಂದು ನಕ್ಕರು.

ಡಿಕ್ಕಿಯಲ್ಲಿ ಪಿಸ್ತೂಲು ಒಂದು ಪೆಟ್ಟಿಗೆಯಲ್ಲಿ, ಗುಂಡು ಇನ್ನೊಂದು ಪೆಟ್ಟಿಗೆಯಲ್ಲಿ, ಎರಡಕ್ಕೂ ಬೀಗ. ಸುಧೀಂದ್ರ ಸ್ಕೂಲ್ ಬಸ್ಸಿನಂತೆ ಕಾರು ಓಡಿಸಿದ. ಅಷ್ಟು ಸಾಧುವಾಗಿ ಅವನು ಕಾರು ಓಡಿಸಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಗುಡ್ಡದ ಕ್ಲಬ್ಬು

ಜಾಗ ಚೆನ್ನಾಗಿತ್ತು. ಗುಡ್ಡ, ಕೆಂಪಾದ ಎಲೆ, ಕೆಳಗೊಂದು ಕೆರೆ. ನಮ್ಮಲ್ಲಾದರೆ ಇಂಥ ಕಡೆ ಒಂದು ದೇವಸ್ಥಾನ ಕಟ್ಟಿ ಪಕ್ಕದಲ್ಲಿ ಮಿರ್ಚಿ ಅಂಗಡಿ ಇಟ್ಟಿರುತ್ತಿದ್ದರು. ಇಲ್ಲಿ ಮಣ್ಣಿನ ದಿಬ್ಬ ಎಬ್ಬಿಸಿ ಅದಕ್ಕೆ ಗುಂಡು ಹೊಡೆಯುತ್ತಾರೆ. ಉಸ್ತುವಾರಿಗೆ ಒಬ್ಬ ಬಿಳಿ ಗಡ್ಡದ ಅಮೆರಿಕನ್ ಅಜ್ಜ ಇದ್ದ. ನನ್ನ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಸಿ, ಗೆರೆಯ ಹಿಂದೆ ನಿಲ್ಲಿಸಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟ. ಕಾಫಿ ಬಿಸಿನೀರಿನ ರುಚಿಯಿತ್ತು. ಮನುಷ್ಯ ಸಭ್ಯ.

ಅಗ್ಗದ ಗುಂಡುಗಳ ಡಬ್ಬಿ ಮೂರು ಬಣ್ಣದವು: ಕೆಂಪು, ನೀಲಿ, ಹಳದಿ. ಸುಧೀಂದ್ರ ನನ್ನ ಡೆನಿಮ್ಮನ್ನು ನಾಲ್ಕು ಮಡಿಕೆ ಮಾಡಿ ಜೆಲ್ಲಿಯ ಮುಂದೆ ಕ್ಲಿಪ್ಪಿನಿಂದ ಕಚ್ಚಿಸಿದ. ಮಡಿಕೆ ಸೊಟ್ಟಗಿತ್ತು. ತಡೆಯಲಾರದೆ ನಾನೇ ಹೋಗಿ ನೇರ ಮಾಡಿ ಬಂದೆ.

ಮೊದಲು ಕೆಂಪು ಡಬ್ಬಿ. ಸದ್ದು ಎದೆಗೆ ಬಡಿಯಿತು. ಗುಂಡು ಬಟ್ಟೆ ದಾಟಿ, ದಿಮ್ಮಿ ದಾಟಿ, ಮಣ್ಣು ಸೇರಿತು. ಅರಳಲೇ ಇಲ್ಲ. ನೀಲಿ ಡಬ್ಬಿಯದು ಅರೆಬರೆ ಬಿಚ್ಚಿಕೊಂಡು ಓರೆಯಾಗಿ ನಿಂತಿತು.

"ಇದು ಫೇರ್ ಅಲ್ಲ ಗುರು," ಎಂದರು ಇಮ್ತಿಯಾಜ್. "ಬಟ್ಟೆ ತುಂಬಾ ದಪ್ಪ. ಎಲ್ರೂ ಟೆಸ್ಟ್ ಮಾಡೋ ಡೆನಿಮ್ ಇದಲ್ಲ. ಇದರಲ್ಲಿ ಯಾವ ಕಂಪನಿ ಗುಂಡೂ ಪಾಸ್ ಆಗಲ್ಲ."

"ಕಳ್ಳ ತೆಳ್ಳಗಿನ ಪ್ಯಾಂಟೇ ಹಾಕ್ಕೊಂಡು ಬರ್ತಾನೆ ಅಂತ ಏನು ಗ್ಯಾರಂಟಿ?" ಎಂದ ಸುಧೀಂದ್ರ.

"ಗುಂಡು ಎದೆಗೆ ಹೊಡೀತೀಯೋ ಪ್ಯಾಂಟಿಗೆ ಹೊಡೀತೀಯೋ?"

ಇಬ್ಬರೂ ನನ್ನ ಕಡೆ ತಿರುಗಿದರು. ಡೆನಿಮ್ಮಿನ ತೂಕ, ನೇಯ್ಗೆ, ಒಗೆದರೆ ಎಷ್ಟು ಮೆತ್ತಗಾಗುತ್ತದೆ, ಎಲ್ಲ ಹೇಳಿದೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ನಮ್ಮ ಮಾಲಿನ ಎದುರು ಎರಡು ಅಮೆರಿಕನ್ ಗುಂಡು ಫೇಲಾಗಿದ್ದವು. ಹೊಲಿಗೆಯ ಹುಡುಗಿಯರಿಗೆ ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ.

ಆಗ ಹಳದಿ ಡಬ್ಬಿಯ ಸರದಿ ಬಂತು. ಅದು ಅರಳಿತು. ದಿಮ್ಮಿಯ ನಟ್ಟನಡುವೆ ಆರು ಎಸಳು ಬಿಚ್ಚಿಕೊಂಡು ನಿಂತಿತು. ಗಂಡಸರಿಬ್ಬರೂ ಕೂಸು ನೋಡಲು ಬಂದವರಂತೆ ಬಗ್ಗಿದರು. ನಾನೂ ಬಗ್ಗಿದೆ. ಗುಂಡು ಹೋದ ದಾರಿ ಜೆಲ್ಲಿಯಲ್ಲಿ ಸುರಂಗದ ಹಾಗೆ ಕಾಣುತ್ತಿತ್ತು. ಆ ಸುರಂಗದ ಉದ್ದಕ್ಕೂ ನೀಲಿ ನೂಲಿನ ಎಳೆಗಳಿದ್ದವು. ನಮ್ಮ ಘಟಕದ ಥಾನಿನ ನೂಲು. ಬಟ್ಟೆಯನ್ನು ಒಳಗೆಳೆದುಕೊಂಡೇ ಗುಂಡು ಹೋಗಿತ್ತು.

ಹರಿದ ಜೀನ್ಸಿಗೆ ಜನ ಹೆಚ್ಚು ಕೊಡುತ್ತಾರೆಂದು ನಾವೇ ಬ್ಲೇಡಿನಲ್ಲಿ ಮಂಡಿಯ ಹತ್ತಿರ ಹರಿಯುತ್ತೇವೆ. ತೂತು ಎಂದರೆ ನಮಗೆ ಫ್ಯಾಷನ್. ಈ ತೂತಿಗೆ ಬೆರಳಿಡಲು ನನಗೆ ಮನಸ್ಸಾಗಲಿಲ್ಲ.

"ಎಕ್ಸಲೆಂಟ್ ವ್ಯಾಲ್ಯೂ" ಎಂದ ಸುಧೀಂದ್ರ.

ಬೇಸ್‌ಮೆಂಟು

ಅದಾದ ಮೇಲೆ ಒಂದು ಮಧ್ಯಾಹ್ನ. ವನಜಾ ಆಫೀಸಿಗೆ ಹೋಗಿದ್ದಳು. ಸುಧೀಂದ್ರ ಮಹಡಿಯ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದ. ಮನೆಯಲ್ಲಿ ಕೂತು ಬೇಸರವಾಗಿ, ರೈಲು ನೋಡಿಕೊಂಡು ಬರೋಣವೆಂದು ನಿಲ್ದಾಣದ ಕಡೆ ನಡೆದೆ. ಚಳಿಯಿತ್ತು. ವನಜಾಳ ಕಪ್ಪು ಜಾಕೆಟ್ ಹಾಕಿ, ಅದರ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡಿದ್ದೆ.

ಹಿಂದಿರುಗಿದರೆ ಮುಂಬಾಗಿಲು ತನ್ನಷ್ಟಕ್ಕೆ ಬೀಗ ಹಾಕಿಕೊಂಡಿತ್ತು. ಗಂಟೆ ಒತ್ತಿದೆ, ತಟ್ಟಿದೆ, ಫೋನು ಮಾಡಿದೆ. ಯಾವುದಕ್ಕೂ ಅವನು ಬರಲಿಲ್ಲ. ಬಳ್ಳಾರಿಯಲ್ಲಾದರೆ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತುಬಿಡಬಹುದಿತ್ತು, ಅವರೇ ಚಹಾ ಕೊಡುತ್ತಿದ್ದರು. ಇಲ್ಲಿ ಪಕ್ಕದ ಮನೆಯ ಕಂದು ನಾಯಿ ಕಿಟಕಿಯಿಂದ ನನ್ನನ್ನು ನೋಡಿ ಬೊಗಳಿತು. ಹಿತ್ತಲಿಗೆ ಹೋದೆ. ಬೇಸ್‌ಮೆಂಟಿಗೆ ಇಳಿಯಲು ಹೊರಗಿನಿಂದ ಒಂದು ಬಾಗಿಲಿದೆ. ಜೆಲ್ಲಿಯ ದಿಮ್ಮಿಯನ್ನು ಒಳಗೆ ಸಾಗಿಸಿದವನು ಅದರ ಚಿಲಕ ಹಾಕಿರಲಿಲ್ಲ. ಮನೆ ಕಾಯಲು ಪಿಸ್ತೂಲು ಇಟ್ಟುಕೊಂಡವನು ಹಿತ್ತಲ ಬಾಗಿಲು ತೆರೆದಿಟ್ಟಿದ್ದನೆಂದು ಮನಸ್ಸಿನಲ್ಲೇ ನಗುತ್ತಾ ಇಳಿದೆ.

ಕತ್ತಲಲ್ಲಿ ಕಾಲಿಗೆ ಪಾಯಸದ ಪಾತ್ರೆ ಸಿಕ್ಕಿತು. ಅದು ಉರುಳಿದ ಸದ್ದು ಹೆಡ್‌ಫೋನಿನ ಒಳಗೂ ಕೇಳಿಸಿರಬೇಕು. ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನ ಬಾಗಿಲು ತೆರೆಯಿತು.

ಬೆಳಕಿಗೆ ಬೆನ್ನು ಮಾಡಿ ಸುಧೀಂದ್ರ ನಿಂತಿದ್ದ. ಎರಡು ಕೈಯಲ್ಲಿ ಪಿಸ್ತೂಲು, ನನ್ನ ಎದೆಯ ಕಡೆಗೆ.

"ಡೋಂಟ್ ಮೂವ್" ಎಂದ. ಅವನ ದನಿ ನನಗೆ ಗುರುತು ಸಿಗಲಿಲ್ಲ. ಸಿನಿಮಾದವರ ಇಂಗ್ಲಿಷಿನಲ್ಲಿ ಹೇಳಿದ.

ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆಯ ಚಡ್ಡಿ. ಕತ್ತಿನಲ್ಲಿ ನೇತಾಡುತ್ತಿದ್ದ ಹೆಡ್‌ಫೋನಿನಿಂದ ಯಾರೋ ಅವನ ಹೆಸರು ಕರೆಯುತ್ತಿದ್ದರು. ಇದನ್ನೆಲ್ಲ ನೋಡಿದ್ದು ನೆನಪಿದೆ. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ನಾಚಿಕೆ. ಪರರ ಮನೆಯಲ್ಲಿ ಕದ್ದು ನುಗ್ಗಿ ಸಿಕ್ಕಿಬಿದ್ದವಳಂತೆ.

"ಸುಧೀಂದ್ರ, ನಾನ್ರೀ. ಬಾಗ್ಲ ತೆಗೀಲಿಲ್ಲ ನೀವು."

ಅವನು ಪಿಸ್ತೂಲು ಇಳಿಸಲಿಲ್ಲ. ಕಣ್ಣು ನನ್ನ ಮೇಲಿತ್ತು, ಆದರೆ ನಾನು ಅವನಿಗೆ ಕಾಣುತ್ತಿರಲಿಲ್ಲ. ಟೋಪಿ ಹಿಂದೆ ಸರಿಸಬೇಕೆನಿಸಿತು. ಕೈ ಎತ್ತಿದರೆ ಏನು ತಿಳಿಯುತ್ತಾನೋ ಎಂದು ಎತ್ತಲಿಲ್ಲ.

"ನಾನ್ರೀ, ವನಜಾನ ಅಕ್ಕ, ಶೈಲಾ" ಎಂದೆ, ಮಗುವಿಗೆ ಹೇಳಿದ ಹಾಗೆ ನಿಧಾನವಾಗಿ.

ಅವನ ಕೈ ನಿಧಾನವಾಗಿ ಇಳಿಯಿತು. ಬಾಗಿಲ ಚೌಕಟ್ಟಿಗೆ ಒರಗಿ ನೆಲದ ಮೇಲೆ ಕೂತ. ಪಿಸ್ತೂಲನ್ನು ಪಕ್ಕದಲ್ಲಿಟ್ಟು ಅದರಿಂದ ಕೈ ಎಳೆದುಕೊಂಡ. ಹೆಡ್‌ಫೋನಿನಲ್ಲಿ ಮತ್ತೆ ಅವನ ಹೆಸರು ಕೇಳಿಸಿತು. ಎತ್ತಿ ಬಾಯಿಯ ಹತ್ತಿರ ಹಿಡಿದು, "ಯೆಸ್, ಐಯಾಮ್ ಹಿಯರ್. ಬೈ ಫ್ರೈಡೇ" ಎಂದ. ಇಷ್ಟರ ಮೇಲೂ ಶುಕ್ರವಾರದ ಗಡುವು ತಪ್ಪಲಿಲ್ಲ ನೋಡಿ.

ನೀರು ಕುಡಿದ ಮೇಲೆ ಅವನು ಹೇಳಿದ ಮೊದಲ ಮಾತು: "ಅಕ್ಕ, ವನಜಾಗೆ ಹೇಳ್ಬೇಡಿ."

"ನಾ ಹೇಳಂಗಿಲ್ಲ. ನೀವಾ ಹೇಳ್ರಿ" ಎಂದೆ. "ಜೆರಿಕೋಕ್ಕ ಹೋಗೋದ್ರಾಗ ಹೇಳ್ಬೇಕು. ಇಲ್ಲಾಂದ್ರ ಮಾತು ನನ್ನ ಹೊಟ್ಟ್ಯಾಗ ನಿಲ್ಲಂಗಿಲ್ಲ."

ತಲೆಯಾಡಿಸಿದ. ಆಮೇಲಿನ ದಿನಗಳಲ್ಲಿ ಅವನು ವನಜಾಳ ಹತ್ತಿರ ಮಳೆ ಬಗ್ಗೆ ಮಾತಾಡಿದ, ಮನೆಯ ಮುಂದಿನ ಎಲೆ ಗುಡಿಸುವ ಬಗ್ಗೆ ಮಾತಾಡಿದ. ನಾನು ಇನ್ನೊಂದು ಕೋಣೆಯಲ್ಲಿ ಕೂತು ಕೇಳಿಸಿಕೊಂಡೆ. ರಾತ್ರಿ ಕಣ್ಣು ಮುಚ್ಚಿದರೆ ಜೆಲ್ಲಿಯೊಳಗಿನ ನೀಲಿ ಎಳೆ ಕಾಣುತ್ತಿತ್ತು.

ಜೆರಿಕೋ

ಎರಡು ಸೇತುವೆ, ಲೆಕ್ಕವಿಲ್ಲದಷ್ಟು ಟ್ರಾಫಿಕ್ಕು ದಾಟಿದರೆ ಲಾಂಗ್ ಐಲೆಂಡಿನ ಜೆರಿಕೋ. ಪಿಸ್ತೂಲು ಮನೆಯಲ್ಲೇ ಇತ್ತು. ನ್ಯೂಜೆರ್ಸಿಯ ಪರವಾನಗಿ ನ್ಯೂಯಾರ್ಕ್ ರಾಜ್ಯದಲ್ಲಿ ನಡೆಯುವುದಿಲ್ಲವಂತೆ. ಹುಬ್ಬಳ್ಳಿ ಧಾರವಾಡದ ನಡುವೆ ಚೆಕ್‌ಪೋಸ್ಟ್ ಇಟ್ಟ ಹಾಗೆ.

ಮನೆ ಧಾರವಾಡದ ಒಬ್ಬ ಹೃದಯದ ಡಾಕ್ಟರದು. ಒಬ್ಬೊಬ್ಬರೂ ಒಂದೊಂದು ಅಡುಗೆ ತಂದಿದ್ದರು. ಮಕ್ಕಳು ಮೇಲಿನ ಮಹಡಿಯಲ್ಲಿ ಇಂಗ್ಲಿಷಿನಲ್ಲಿ ಓಡಾಡುತ್ತಿದ್ದರು. ಹೆಂಗಸರು ಅಡುಗೆಮನೆಯಲ್ಲಿ, ಗಂಡಸರು ಕೆಳಗೆ ಹೋಮ್ ಥಿಯೇಟರಿನಲ್ಲಿ. ನಾನು ಬಟ್ಟೆಯ ತಜ್ಞೆಯೆಂದು ಗಂಡಸರ ಸಾಲಿನಲ್ಲಿ ಕೂರಿಸಿದರು. ಎಲ್ಲರೂ ಮೃದುವಾಗಿ ಮಾತಾಡುವವರು, ಮಂಡಿ ನೋವಿನವರು. ಕೈಯಲ್ಲಿ ಚಕ್ಕುಲಿ.

ಸುಧೀಂದ್ರ ಸ್ಲೈಡು ತೋರಿಸಿದ. ಕೆಂಪು, ನೀಲಿ, ಹಳದಿ. ಎಷ್ಟು ಆಳ, ಎಷ್ಟು ಅಗಲ. ಅರಳಿದ ಗುಂಡಿನ ಚಿತ್ರ ದೊಡ್ಡ ಪರದೆಯಲ್ಲಿ ಬಂದಾಗ ಯಾರೋ "ಬ್ಯೂಟಿಫುಲ್" ಎಂದರು. ಇಮ್ತಿಯಾಜ್ ಎದ್ದು, ಬಳ್ಳಾರಿಯ ಬಟ್ಟೆ ಮಾಮೂಲಿಗಿಂತ ದಪ್ಪವಿತ್ತೆಂಬ ತಮ್ಮ ತಕರಾರನ್ನು ದಾಖಲಿಸಿ ಕೂತರು. ಒಬ್ಬರು ಚಳಿಗಾಲದ ಕೋಟಿಗೆ ಪ್ರತ್ಯೇಕ ಪರೀಕ್ಷೆ ಬೇಕೆಂದರು.

ಅಷ್ಟರಲ್ಲಿ ವನಜಾ ಚಿತ್ರಾನ್ನದ ತಟ್ಟೆಗಳನ್ನು ಹಿಡಿದು ಮೆಟ್ಟಿಲಿಳಿದು ಬಂದಳು. ಆಗಲೇ ಡಾಕ್ಟರು ಕೇಳಿದ್ದು:

"ಸುಧೀ, ಟೆಸ್ಟು ಎಲ್ಲಾ ಛಲೋ ಆತು. ಖರೇ ಪ್ರಸಂಗ ಬಂದಾಗ ಕೈ ನಡಗ್ತದ ಅಂತಾರಲ್ಲ. ನಿಮಗ ಮನ್ಯಾಗ ಯಾವಾಗರ ಹೊರಗ ತಗಿಯೂ ಪ್ರಸಂಗ ಬಂದದೇನು?"

ಸುಧೀಂದ್ರ ನನ್ನ ಕಡೆ ನೋಡಿದ. ನಾನು ಕಣ್ಣು ತೆಗೆಯಲಿಲ್ಲ. ಇಲ್ಲ ಎಂದಿದ್ದರೆ ಸಾಕಿತ್ತು, ಎಲ್ಲರೂ ಊಟಕ್ಕೆ ಏಳುತ್ತಿದ್ದರು.

"ಬಂದಿತ್ತು. ಹೋದ ವಾರ" ಎಂದ. "ಬೇಸ್‌ಮೆಂಟಿಂದ ಯಾರೋ ಬಂದ್ರು. ನಾನು ಹೊರಗೆ ತೆಗೆದೆ. ಅಕ್ಕ ಆಗಿದ್ರು. ಇವ್ರೇ. ಇಲ್ಲಿ ಕೂತಿದಾರಲ್ಲ. ಅವ್ರು ನಾನ್ರೀ ಅಂದ್ರು, ಆದ್ರೂ ನನಗೆ ಕೇಳಿಸ್ಲಿಲ್ಲ. ಎರಡನೇ ಸಲ ಹೇಳ್ಬೇಕಾಯ್ತು."

ಚಕ್ಕುಲಿ ಮುರಿಯುವ ಸದ್ದು ನಿಂತಿತು. ವನಜಾ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ಅವಳು ಗಂಡನನ್ನು ನೋಡಲಿಲ್ಲ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ನಾನು ಪೂರ್ತಿ ಇದ್ದೇನೆಯೇ ಎಂದು ಪರೀಕ್ಷಿಸುವಂತೆ.

ಇಮ್ತಿಯಾಜ್ ತಲೆ ತಗ್ಗಿಸಿದರು. ಉಳಿದವರು ಪರದೆ ನೋಡಿದರು. ಪರದೆಯ ಮೇಲೆ ಆ ಆರು ಎಸಳಿನ ಗುಂಡು ಹಾಗೇ ಇತ್ತು. ಆಮೇಲೆ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಇಷ್ಟು ವರ್ಷ ಜನರ ಹೃದಯ ನೋಡಿದವರು, ಏನಾದರೂ ಹೇಳುತ್ತಾರೆಂದು ನಾನೂ ಕಾದೆ.

"ಅವಾಗ ಲೋಡ್ ಮಾಡಿದ್ದು ಯಾವ್ದು?" ಎಂದರು.

ಕೇಳಿದ್ದು ಕುಚೇಷ್ಟೆಗಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸಕ್ತಿಯಿಂದ ಕೇಳಿದರು.

ಸುಧೀಂದ್ರ ಬಾಯಿ ತೆರೆದ. "ಹಳದಿ" ಎಂದ.

"ಹಾಂ, ಅದೇ ಬೆಸ್ಟ್ ಬಂದದ್ದಲ್ಲ" ಎಂದು ಇನ್ನೊಬ್ಬರು ತಲೆದೂಗಿದರು. ಮುಂದಿನ ಸಾಲಿನವರೊಬ್ಬರು ಫೋನು ತೆಗೆದು ಪರದೆಯ ಚಿತ್ರ ಹೊಡೆದುಕೊಂಡರು.

ವನಜಾ ತಟ್ಟೆಗಳನ್ನು ಮೆಟ್ಟಿಲ ಮೇಲಿಟ್ಟಳು. "ಅಕ್ಕ, ಏಳು. ಸುಧಿ, ಕೀ ಕೊಡು. ನಾನು ಡ್ರೈವ್ ಮಾಡ್ತೀನಿ" ಎಂದಳು. ಊಟವಿಲ್ಲದೆ ಹೊರಟೆವು.

ಸೇತುವೆಯ ಮೇಲೆ ಗಾಡಿಗಳು ತೆವಳುತ್ತಿದ್ದವು. ನದಿಯಲ್ಲಿ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಹಿಂದಿನ ಸೀಟಿನಲ್ಲಿ ಸುಧೀಂದ್ರ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಎಷ್ಟು ದಿನ ಆಯ್ತು?" ಎಂದಳು ವನಜಾ, ಮುಂದೆ ನೋಡುತ್ತಲೇ.

"ಒಂದು ವಾರ."

"ದಿನಾ ನಂಜೊತೆ ಊಟಕ್ಕೆ ಕೂತೆ."

ಅವನು ಲ್ಯಾಪ್‌ಟಾಪಿನ ಮುಚ್ಚಳವನ್ನು ಒತ್ತಿ ಹಿಡಿದ.

"ಎಲೆ ಗುಡಿಸೋ ಬ್ಲೋವರ್ ಯಾವ್ದು ತಗೊಳ್ಳೋಣ ಅಂತ ನನ್ನ ಕೇಳ್ದೆ" ಎಂದಳು. ಅವಳು ಅತ್ತಳು, ಗಾಡಿ ಮಾತ್ರ ಸಾಲು ತಪ್ಪಲಿಲ್ಲ. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಅದನ್ನು ಸರಿಸಿ, "ನಿಂಗೂ ಬಾಯಿರಲಿಲ್ಲೇನು?" ಎಂದಳು.

ಮತ್ತೆ ಮೆಟುಚೆನ್

ಮಾರನೆಯ ದಿನ ಸುಧೀಂದ್ರ ಪಿಸ್ತೂಲನ್ನು ಕೊಂಡ ಅಂಗಡಿಗೇ ಒಯ್ದು ಕೊಟ್ಟುಬಂದ. ಯಾರೂ ಹೋಗೆಂದು ಹೇಳಿರಲಿಲ್ಲ. ಅಂಗಡಿಯವನು ಪಿಸ್ತೂಲು ತೆಗೆದುಕೊಂಡನಂತೆ, ಗುಂಡು ಬೇಡವೆಂದನಂತೆ. ಅಗ್ಗವೆಂದು ರಾಶಿ ತಂದಿದ್ದ ಗುಂಡು ಬೇಸ್‌ಮೆಂಟಿನಲ್ಲಿ ಉಳಿಯಿತು. ನಿಮಗೆ ಬೇಕೇ ಎಂದು ಇಮ್ತಿಯಾಜ್ ಅವರಿಗೆ ಫೋನು ಮಾಡಿದ. "ನಮ್ಮ ಮನೇಲಿ ಈಗ ಆ ಹೆಸರೆತ್ತೋ ಹಾಗಿಲ್ಲ ಗುರು" ಎಂದರಂತೆ. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ್ದರೆ ನಾಲ್ವರು ಬಂದು ಒಯ್ಯುತ್ತಿದ್ದರು. ಅವನು ಹಾಕಲಿಲ್ಲ. ಅಷ್ಟರ ಮಟ್ಟಿಗೆ ಅವನಿಗೆ ಬಹುವಚನ ಸಲ್ಲಬೇಕು.

ಪೊಲೀಸ್ ಠಾಣೆಯಲ್ಲಿ ಬೇಡದ ಗುಂಡು ತೆಗೆದುಕೊಳ್ಳುತ್ತಾರೆಂದು ವನಜಾ ಹುಡುಕಿ ಹೇಳಿದಳು. ಮೂರು ದಿನಗಳಲ್ಲಿ ಅವನ ಜೊತೆ ಆಡಿದ ಮೊದಲ ಮಾತು ಅದು. ಮೊದಲೇ ಫೋನು ಮಾಡಿ ತಿಳಿಸಿ, ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿ ಹೊರಟ. "ಅಕ್ಕ, ನೀವೂ ಬರ್ತೀರಾ?" ಎಂದ. ಹೋದೆ.

ನಮ್ಮೂರ ಠಾಣೆಯ ಹಾಗೆ ಅಲ್ಲಿ ಬೆಂಚಿನ ಮೇಲೆ ಕಾಯುವ ಜನವಿಲ್ಲ. ಬ್ಯಾಂಕಿನ ಹಾಗಿದೆ. ಗಾಜಿನ ಕಿಟಕಿಯಾಚೆಯಿಂದ ಒಬ್ಬ ಎಳೆಯ ಪೊಲೀಸಿನವನು ಹೊರಬಂದು ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಹಳದಿಯದು ಕೈಗೆ ಬಂದಾಗ ತಿರುಗಿಸಿ, ಬರೆದದ್ದನ್ನು ಓದಿ, ಮಾತಿಗೆಂದು ಕೇಳಿದ:

"ಇದು ಅಗ್ಗದ್ದಲ್ಲವಾ? ಚೆನ್ನಾಗಿ ಕೆಲಸ ಮಾಡುತ್ತದಾ?"

ಆಳ, ಅಗಲ, ಎಸಳು, ಎಲ್ಲ ಬಾಯಿಪಾಠವಿದ್ದ ಸುಧೀಂದ್ರ ಆ ಡಬ್ಬಿಯಿಂದ ಕಣ್ಣು ತೆಗೆದು ನನ್ನ ಕಡೆ ನೋಡಿದ.

"ಐ ಡೋಂಟ್ ನೋ" ಎಂದ.